ಗಾಳಿ ಹಾಕುವವನ ಪೌರುಷ

ಬೈಸಿಕೊಳ್ಳುವುದಕ್ಕೂ ಸೇರಿಸಿಯೇ ಪೆಟ್ರೋಲ್ ಬಂಕಿನವರು ತನಗೆ ಸಂಬಳ ಕೊಡುತ್ತಾರೆಂದು ಅವಳಿಗೆ ಗೊತ್ತಿತ್ತು. ಸಾಲು ತಪ್ಪಿಸಿ ನುಗ್ಗಿದ ಬಿಳಿ ಕಾರಿನವನಿಗೆ ಹಿಂದೆ ಹೋಗಿ ನಿಲ್ಲಿ ಎಂದದ್ದೇ ತಪ್ಪಾಯಿತು. ಅವನು ದಢಾರನೆ ಬಾಗಿಲು ಬಡಿದು ಇಳಿದು, ಬಾಯಿಗೆ ಬಂದಂತೆ ಬೈಯತೊಡಗಿದ. ಅವಳ ಮೈಯೆಲ್ಲ ಉರಿಯಿತು. ಆದರೂ ಪೈಪನ್ನು ಕೊಕ್ಕೆಗೆ ಸಿಕ್ಕಿಸಿ, ಪಂಪಿನ ಆಚೆ ಬದಿಗೆ ಸರಿದು, ಅವನಿಗೂ ತನಗೂ ನಡುವೆ ಅದು ಅಡ್ಡ ಇರುವಂತೆ ನಿಂತು, "ಆಯ್ತು ಸಾರ್, ನಿಮಗೇ ಮೊದಲು ಹಾಕ್ತೀನಿ" ಎಂದಳು. ಹಿಂದಿನ ಸೀಟಿನಲ್ಲಿ ಇನ್ನೂ ಮೂವರಿದ್ದರು. ಅವರಲ್ಲೊಬ್ಬ ಕಾಲ ಬಳಿ ಕೈ ಹಾಕಿ ಏನನ್ನೋ ಹಿಡಿದಿದ್ದ. ಅವರಿಗೆ ಜಗಳಕ್ಕೊಂದು ನೆಪ ಬೇಕಿತ್ತು, ಅಷ್ಟೇ.

ಬೈಯುವವನ ದನಿ ಇಳಿಯುತ್ತ ಬಂತು. ಇನ್ನೆರಡು ಮಾತಿಗೆ ಎಲ್ಲ ಮುಗಿಯುತ್ತಿತ್ತು. ಅಷ್ಟರಲ್ಲಿ ಅವಳ ಗಂಡನಿಗೆ ಪೌರುಷ ಉಕ್ಕಿತು. ಬಂಕಿನ ಮೂಲೆಯಲ್ಲಿ ಟೈರುಗಳಿಗೆ ಗಾಳಿ ಹಾಕುವ ಆ ಮಹಾಶಯ ವೀಲ್ ಸ್ಪ್ಯಾನರ್ ಹಿಡಿದು ದಾಪುಗಾಲು ಹಾಕುತ್ತ ಬಂದ. ಬರಬೇಡಿ ಎಂದು ಅವಳು ತಲೆಯಾಡಿಸಿದಳು, ಕಣ್ಣಲ್ಲೇ ಗದರಿದಳು, ಕೈ ಬೀಸಿದಳು. ಊಹೂಂ.

"ಯಾವನೋ ಅವನು ನನ್ನ ಹೆಂಡ್ತಿಗೆ ಬೈದಿದ್ದು?"

ಕಾರಿನ ಹಿಂಬಾಗಿಲು ತೆರೆಯಿತು. ಕಬ್ಬಿಣದ ರಾಡೊಂದರ ತುದಿ ಹೊರಗೆ ಇಣುಕಿತು. ನುಂಗಿಕೊಂಡಿದ್ದ ಸಿಟ್ಟೆಲ್ಲ ಗಂಡನ ಮೇಲೆ ತಿರುಗಿತು. ಓಡಿಹೋಗಿ ಸ್ಪ್ಯಾನರ್ ಕಿತ್ತೆಸೆದಳು. ಮದುವೆಯಾದಾಗಿನಿಂದ 'ರೀ' ಎಂದೇ ಕರೆದ ಬಾಯಿ ಏಕವಚನಕ್ಕಿಳಿಯಿತು. ಒಂದು ಟೈರಿಗೆ ನೆಟ್ಟಗೆ ಗಾಳಿ ಹಾಕೋಕೆ ಬರಲ್ಲ, ಗಿರಾಕಿ ಮೇಲೆ ಕೈ ಮಾಡೋಕೆ ಬಂದ್ಯಾ ದಂಡಪಿಂಡ ಎಂದು ಬಂಕಿಗೆ ಬಂಕೇ ಕೇಳುವಂತೆ ಜಾಡಿಸುತ್ತ, ಎದೆಗೆ ಕೈಕೊಟ್ಟು ಅವನನ್ನು ಹಿಂದಕ್ಕೆ ದಬ್ಬಿಕೊಂಡೇ ಹೋದಳು. ಅದೇನೂ ನಾಟಕವಾಗಿರಲಿಲ್ಲ. ಕಾರಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಬಾಗಿಲು ಎಳೆದುಕೊಂಡು, ಪೆಟ್ರೋಲನ್ನೂ ಹಾಕಿಸದೆ ಹೊರಟುಹೋದರು.

ಗಂಡ ಗಾಳಿ ಮೆಷಿನ್ನಿನ ಪಕ್ಕ ಮುಖ ಊದಿಸಿಕೊಂಡು ಕೂತ. ನಾಲ್ಕು ಜನರೆದುರು ಮಾನ ಕಳೆದೆ, ಇನ್ನು ಇಲ್ಲಿ ಹೇಗೆ ತಲೆಯೆತ್ತಿ ಓಡಾಡಲಿ ಎಂದು ಗೊಣಗಿದ. ನಿನಗೋಸ್ಕರ ಬಂದವನಿಗೆ ಇದೇನಾ ಮರ್ಯಾದೆ ಎಂದ.

ಅವಳು ಕಿತ್ತೆಸೆದಿದ್ದ ಸ್ಪ್ಯಾನರನ್ನು ಎತ್ತಿ ತಂದು ಅವನ ಮುಂದಿಟ್ಟಳು.

"ನನಗೋಸ್ಕರ ಬಂದಿದ್ರೆ ನನ್ನ ಮುಖ ನೋಡ್ತಿದ್ರಿ. ಬರಬೇಡಿ, ಬರಬೇಡಿ ಅಂತ ಎಷ್ಟು ಸಲ ಸನ್ನೆ ಮಾಡ್ದೆ. ಅಷ್ಟು ದೂರದಿಂದ ನಡ್ಕೊಂಡು ಬಂದ್ರಲ್ಲ, ಒಂದ್ಸಲನಾದ್ರೂ ನನ್ನ ಕಡೆ ನೋಡಿದ್ರಾ?"

ಕಾರಿನವನ ಬೈಗುಳ ಅವಳಿಗೆ ಆಗಲೇ ಮರೆತುಹೋಗಿತ್ತು. ಗಂಡ ಒಂದು ಸಲವೂ ತನ್ನ ಕಡೆ ನೋಡದೆ ಬಂದದ್ದು ಮರೆಯುವಂಥದ್ದಾಗಿರಲಿಲ್ಲ.