ಹೊರಗಿನ ಚಿಲಕ

"ಮನೆ ಚೆನ್ನಾಗಿದೆ. ಮಾತಾಡ್ಕೊಂಡು ಫೋನ್ ಮಾಡ್ತೀವಿ" ಎಂದು ಹೇಳಿ, ಮನೆ ಕೊಳ್ಳಲು ಬಂದಿದ್ದ ಹದಿನೇಳನೆಯ ಪಾರ್ಟಿ ಮೆಟ್ಟಿಲಿಳಿದು ಹೋಯಿತು. ಗಂಡ, ಹೆಂಡತಿ, ಹೆಂಡತಿಯ ತಾಯಿ. ಬರುವಾಗ ಮೂವರೂ ಒಬ್ಬರ ಮಾತಿನ ಮೇಲೊಬ್ಬರು ಬಿದ್ದು ಮಾತಾಡುತ್ತ ಬಂದಿದ್ದರು. ಹೋಗುವಾಗ ನಪಾಸಾದ ಮಕ್ಕಳ ಹಾಗೆ ಒಬ್ಬರ ಹಿಂದೊಬ್ಬರು ಗೇಟು ದಾಟಿದರು. ಟೀಚರ್ ಚಹಾದ ಲೋಟಗಳನ್ನು ತಟ್ಟೆಗೆ ಎತ್ತಿಟ್ಟುಕೊಂಡಳು. ಮೂರರಲ್ಲಿ ಎರಡು ಲೋಟ ಮುಟ್ಟಿದ್ದೇ ಇಲ್ಲ.

"ಫೋನ್ ಮಾಡ್ತೀವಿ ಅಂದ್ರೆ ಮಾಡಲ್ಲ ಅಂತ್ಲೇ ಅರ್ಥ" ಎಂದ ಅವಳ ಗಂಡ, ಗೇಟಿನತ್ತಲೇ ನೋಡುತ್ತ.

ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತೊಂದು ವರ್ಷ ಲೆಕ್ಕ ಕಲಿಸಿದವಳು ಅವಳು. ಬೀದಿಗೆ ಬೀದಿಯೇ ಟೀಚರ್ ಎನ್ನುತ್ತಿತ್ತು. ನಾಲ್ಕು ಜನರ ಮುಂದೆ ಗಂಡನೂ ಹಾಗೇ ಕರೆಯುತ್ತಿದ್ದ. ಅವನು ನೀರು ಸರಬರಾಜು ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿದ್ದು ನಿವೃತ್ತನಾದವನು. ಕಾರಣವಿಲ್ಲದೆ ಹುಲ್ಲುಕಡ್ಡಿಯೂ ಅಲುಗುವುದಿಲ್ಲ, ಕಾರಣ ಸಿಕ್ಕರೆ ರಿಪೇರಿಯಾಗದ್ದು ಯಾವುದೂ ಇಲ್ಲ ಎಂಬುದು ಅವನ ನಂಬಿಕೆ. ಇಬ್ಬರ ಮಂಡಿಗಳೂ ಮೆಟ್ಟಿಲಿಗೆ ಬೇಡವೆನ್ನತೊಡಗಿದ ಮೇಲೆ, ಊರಿನ ಇನ್ನೊಂದು ತುದಿಯಲ್ಲಿ ನೆಲಮಹಡಿಯ ಒಂದು ಫ್ಲ್ಯಾಟ್ ಗೊತ್ತುಮಾಡಿಕೊಂಡಿದ್ದರು. ಈ ಮನೆ ಮಾರಿದರೆ ಅಲ್ಲಿಗೆ ಹೋಗುವುದು. ಆದರೆ ಹತ್ತು ತಿಂಗಳಾದರೂ ಮನೆ ಮಾರಾಟವಾಗಲೊಲ್ಲದು.

ಒಂದೊಂದು ಪಾರ್ಟಿ ಹೋದಾಗಲೂ ಅವನೊಂದು ಕಾರಣ ಹುಡುಕುತ್ತಿದ್ದ. ಮೊದಲು ಬಚ್ಚಲಿನ ಟೈಲ್ಸ್ ಹಳತಾಯಿತೆಂದು ಬದಲಾಯಿಸಿದ. ಆಮೇಲೆ ಗೇಟು ಕಿರುಗುಟ್ಟುತ್ತದೆಂದು ಅದಕ್ಕೆ ಎಣ್ಣೆ ಬಿಟ್ಟ. ಹಸಿರು ಗೋಡೆಯಿಂದ ಮನೆ ಆಸ್ಪತ್ರೆಯಂತೆ ಕಾಣುತ್ತದೆಂದು ಕೆನೆಬಣ್ಣ ಬಳಿಸಿದ. ಎದುರುಮನೆಯ ಟೈಲರ್ ಬಂದವರ ಕಿವಿ ಊದುತ್ತಾನೆಂದು ಅನುಮಾನ ಹುಟ್ಟಿ, ಇಪ್ಪತ್ತು ವರ್ಷದ ಸ್ನೇಹ ಕಡಿದುಕೊಂಡ. "ಅವನ ಬಾಯಿ ಅವನ ಕತ್ತರಿಗಿಂತ ಹರಿತ" ಎನ್ನುತ್ತಿದ್ದ. ಪಾಪ, ಆ ಟೈಲರ್ ತನಗೇಕೆ ನಮಸ್ಕಾರ ನಿಂತುಹೋಯಿತೆಂದು ತಿಳಿಯದೆ ಎರಡು ವಾರ ಮಂಕಾಗಿ ಓಡಾಡಿದ. ಬೆಲೆ ಇಳಿಸೋಣವೆಂದು ಟೀಚರ್ ಒಮ್ಮೆ ಹೇಳಿ ನೋಡಿದಳು. ಒಂದು ರೂಪಾಯಿಯೂ ಇಳಿಸುವುದಿಲ್ಲ, ಇದು ಭದ್ರವಾದ ಮನೆ ಎಂದು ಅವನು ಗೋಡೆಗೆ ಅಂಗೈಯಿಂದ ಬಡಿದು ತೋರಿಸಿದ.

ಮುಂದಿನ ಬುಧವಾರ ಮಧ್ಯಾಹ್ನ ಬ್ರೋಕರ್ ಹೆಂಗಸು ಒಬ್ಬಳೇ ಬಂದಳು. ದಪ್ಪನೆಯ ಮೈ, ಅದಕ್ಕೂ ದಪ್ಪನೆಯ ಕೈಚೀಲ. ಯಾವಾಗಲೂ ನಿಂತೇ ಮಾತಾಡುವವಳು ಅವತ್ತು ತಾನಾಗಿ ಕುರ್ಚಿ ಎಳೆದುಕೊಂಡು ಕೂತಳು. ಚಹಾ ಬೇಡವೆಂದಳು. ಈ ಮನೆ ಯಾಕೆ ಹೋಗುತ್ತಿಲ್ಲವೆಂದು ಗೊತ್ತಾಗಿದೆ, ಹೇಳಿದರೆ ಬೇಜಾರು ಮಾಡಿಕೊಳ್ಳಬಾರದು ಎಂದಳು.

"ಸರ್, ಜನ ಮನೆ ನೋಡ್ತಾರೆ, ನಾನು ಜನಾನ ನೋಡ್ತೀನಿ. ಇಪ್ಪತ್ತು ವರ್ಷದಿಂದ ಅದೇ ನನ್ನ ಕೆಲಸ. ಹಾಲ್‌ನಲ್ಲಿ ಖುಷಿಯಾಗಿರ್ತಾರೆ. ಅಡುಗೆಮನೇಲಿ ಪಾತ್ರೆ ಎಲ್ಲಿಡೋದು ಅಂತ ಆಗ್ಲೇ ಯೋಚನೆ ಮಾಡ್ತಿರ್ತಾರೆ. ಹಿಂದಿನ ಚಿಕ್ಕ ರೂಮಿಗೆ ಬಂದ್ರೆ ಮಾತು ನಿಂತುಹೋಗುತ್ತೆ."

"ಆ ರೂಮಿಗೇನಾಗಿದೆ? ಗಾಳಿ ಬೆಳಕು ಎಲ್ಲಾ ಇದೆ."

"ಗಾಳಿ ಬೆಳಕು ಇದೆ ಸರ್. ಚಿಲಕ ಹೊರಗಡೆ ಇದೆ." ಬ್ರೋಕರ್ ಬೆರಳಿಂದ ಗಾಳಿಯಲ್ಲಿ ತೋರಿಸಿದಳು. "ಮೇಲೊಂದು, ಕೆಳಗೊಂದು. ಒಳಗಡೆ ಒಂದೂ ಇಲ್ಲ. ಬಾಗಿಲಿನ ಒಳಮೈ ಬಣ್ಣ ಕೆರೆದುಹೋಗಿದೆ, ಮೊಣಕಾಲೆತ್ತರದಲ್ಲಿ. ಹೆಂಗಸರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತೆ. ಯಾರೂ ಕೇಳಲ್ಲ. ಇಲ್ಲಿ ನಾಯಿ ಕೂಡಿಹಾಕ್ತಿದ್ರಾ ಅಂತ ಮೊನ್ನೆ ಆ ಅಜ್ಜಿ ನನ್ನ ಕೇಳಿದ್ರು. ಹೌದು ಅಂದ್ಬಿಟ್ಟೆ."

ಟೀಚರ್ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. ಗಂಡ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಆಮೇಲೆ ಅವನ ಮುಖ ನಿಧಾನಕ್ಕೆ ತಿಳಿಯಾಯಿತು. ಹತ್ತು ತಿಂಗಳಿನಿಂದ ಹುಡುಕುತ್ತಿದ್ದ ಕಾರಣ ಸಿಕ್ಕಿತ್ತು, ಅದೂ ರಿಪೇರಿಯಾಗುವಂಥದು.

"ಅಷ್ಟೇ ತಾನೇ? ಕಾರ್ಪೆಂಟರ್‌ನ ಕರೆಸ್ತೀನಿ. ಹೊಸ ಬಾಗಿಲೇ ಹಾಕಿಸಿಬಿಡೋಣ" ಎಂದ.

ಆ ಕೋಣೆಯಲ್ಲಿದ್ದದ್ದು ಅವನ ಅಕ್ಕ, ಟೀಚರ್‌ಗೆ ಅತ್ತಿಗೆ. ಅವನಿಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದರು. ಅಪ್ಪ ತೀರಿಕೊಂಡ ಮೇಲೆ ಅವರ ಸಂಬಳದಲ್ಲೇ ಮನೆ ನಡೆಯಿತು, ಅದರಲ್ಲೇ ತಮ್ಮ ಓದಿದ. ಮದುವೆಯ ಮಾತು ಬಂದಾಗಲೆಲ್ಲ "ಲೈನ್ ಬಿಜಿ" ಎಂದು ನಗುತ್ತಿದ್ದರಂತೆ. ನಿವೃತ್ತಿಯಾಗಿ ತಮ್ಮನ ಮನೆಗೆ ಬಂದು ನಾಲ್ಕು ವರ್ಷ ಅತ್ತಿಗೆ ಚೆನ್ನಾಗಿಯೇ ಇದ್ದರು. ಆಮೇಲೆ ಮರೆವು ಶುರುವಾಯಿತು. ಹಾಲು ತರಲು ಹೋಗಿ ಮೂರು ಸಲ ದಾರಿ ತಪ್ಪಿದರು. ಒಮ್ಮೆಯಂತೂ ರೈಲು ನಿಲ್ದಾಣದಿಂದ ಪೊಲೀಸರು ಕರೆತಂದರು. ಇನ್ನೊಮ್ಮೆ ಗ್ಯಾಸ್ ತೆರೆದಿಟ್ಟು ಮಲಗಿದ್ದರು. ನೋಡಿಕೊಳ್ಳಲು ಇಟ್ಟ ಹೆಂಗಸರಿಬ್ಬರೂ ಒಂದೊಂದು ತಿಂಗಳೂ ನಿಲ್ಲಲಿಲ್ಲ. ಗಂಡ ಹೆಂಡತಿ ಇಬ್ಬರಿಗೂ ಆಗ ಕೆಲಸವಿತ್ತು. ಒಂಬತ್ತರಿಂದ ಐದರವರೆಗೆ ಮನೆಯಲ್ಲಿ ಬೇರೆ ನರಪಿಳ್ಳೆಯೂ ಇರುತ್ತಿರಲಿಲ್ಲ.

ಮೊದಲ ಚಿಲಕ ಹಾಕಿದ್ದು ಒಂದು ಭಾನುವಾರ. ಗಂಡನೇ ಕೂತು ಹಾಕಿದ. ಸ್ಕ್ರೂಗಳನ್ನು ಅಂಗೈಯಲ್ಲಿ ಹಿಡಿದು ಒಂದೊಂದಾಗಿ ಕೊಟ್ಟವಳು ಟೀಚರ್. ಏನು ಮಾಡುತ್ತಿದ್ದೀಯೋ ಎಂದು ಅತ್ತಿಗೆ ಬಂದು ಕೇಳಿದರು. ಬಾಗಿಲು ಗಟ್ಟಿ ಮಾಡ್ತಿದ್ದೀನಿ ಅಕ್ಕ ಎಂದ. "ಒಳ್ಳೇದಾಯ್ತು ಬಿಡು, ಕಳ್ಳರ ಕಾಟ ಜಾಸ್ತಿಯಾಗಿದೆ" ಎಂದು ಅವರು ಪಕ್ಕದಲ್ಲೇ ನಿಂತು ನೋಡಿದರು. ಒಳಗಿಂದ ಅಲುಗಾಡಿಸಿ ಅದನ್ನು ಜಾರಿಸುವುದನ್ನು ಅವರು ಕಲಿತ ಮೇಲೆ ಎರಡನೆಯದು ಬಂತು.

ಹಾಗೆಂದು ಅವರನ್ನು ಕಡೆಗಣಿಸಿರಲಿಲ್ಲ. ಸ್ಟೂಲಿನ ಮೇಲೆ ಊಟ ಮುಚ್ಚಿಟ್ಟು, ನೀರಿಟ್ಟು, ಫ್ಯಾನ್ ಹಾಕಿಯೇ ಹೊರಡುತ್ತಿದ್ದರು. ಸಂಜೆ ಬಂದವಳೇ ಟೀಚರ್ ಅವರಿಗೆ ಸ್ನಾನ ಮಾಡಿಸಿ ತಲೆ ಬಾಚುತ್ತಿದ್ದಳು. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳೂ ಇಷ್ಟು ನೋಡಿಕೊಳ್ಳುವುದಿಲ್ಲವೆಂದು ಬಂದವರೆಲ್ಲ ಹೊಗಳಿದರು. ಹೊಗಳಿಕೆ ಕೇಳಿ ಕೇಳಿ ಅವರಿಬ್ಬರಿಗೂ ಅದು ನಿಜವೆನ್ನಿಸಿತ್ತು. ಬೆಳಿಗ್ಗೆ ಚಿಲಕ ಹಾಕುವಾಗ ಮಾತ್ರ ಒಳಗಿನಿಂದ, ಹಳೆಯ ಕೆಲಸದ ದನಿಯಲ್ಲಿ, "ಹಲೋ, ಯಾವ ನಂಬರ್ ಬೇಕಿತ್ತು?" ಎಂದು ಕೇಳುತ್ತಿತ್ತು. ಟೀಚರ್ ಬಸ್ಸಿಗೆ ಹೊತ್ತಾಯಿತೆಂದು ಬಿರಬಿರನೆ ಹೊರಡುತ್ತಿದ್ದಳು. ಹೀಗೆ ಆರು ವರ್ಷ.

ಅತ್ತಿಗೆಯ ಕಡೆಯ ದಿನ ಶಾಲೆಯಲ್ಲಿ ಪರೀಕ್ಷೆಯಿತ್ತು. ಟೀಚರ್ ಐದೂವರೆಗೆ ಬಂದು ಎರಡೂ ಚಿಲಕ ತೆಗೆದು ತಳ್ಳಿದರೆ ಬಾಗಿಲು ತೆರೆಯಲಿಲ್ಲ. ಒಳಗಿಂದ ಭಾರ ಒರಗಿತ್ತು. ಮೈಯೆಲ್ಲ ಬಲ ಹಾಕಿ ತಳ್ಳಿ ಒಳಗೆ ನುಸುಳಿದಳು. ಅತ್ತಿಗೆ ನೆಲದ ಮೇಲೆ ಬಾಗಿಲಿಗೆ ಭುಜ ಒರಗಿಸಿ ಕೂತಿದ್ದರು, ಮೈ ತಣ್ಣಗಾಗಿತ್ತು. ಅವಳು ಅವರನ್ನು ಎತ್ತಿ, ಎಳೆದು, ಹೇಗೋ ಮಂಚಕ್ಕೆ ಹಾಕಿದಳು. ಹೊದಿಕೆ ಹೊದಿಸಿದಳು. ತಲೆ ಬಾಚಿದಳು. ಆಮೇಲೆಯೇ ಗಂಡನ ಕಚೇರಿಗೆ ಫೋನ್ ಮಾಡಿದ್ದು. ನಿದ್ದೆಯಲ್ಲೇ ಹೋಗಿಬಿಟ್ಟರು ಎಂದಳು. ಅವನು ಅದನ್ನೇ ಎಲ್ಲರಿಗೂ ಹೇಳಿದ. ಪುಣ್ಯವಂತೆ, ಯಾರಿಗೂ ಭಾರವಾಗಲಿಲ್ಲ ಎಂದು ಜನ ಸಮಾಧಾನ ಹೇಳಿದರು. ಅದಾಗಿ ಮೂರು ವರ್ಷವಾಗಿತ್ತು. ಇಷ್ಟು ದಿನ ಟೀಚರ್ ಆ ಸುಳ್ಳನ್ನು ಬಾಯಿಯಲ್ಲಿಟ್ಟುಕೊಂಡೇ ಸಂಸಾರ ಮಾಡಿದ್ದಳು.

ಕಾರ್ಪೆಂಟರ್ ಬರುವ ಮುಂಜಾನೆ ಗಂಡ ಪೇಪರ್ ತರಲು ಹೋಗಿದ್ದಾಗ ಅವಳು ಆ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ಮಂಡಿ ನೋವನ್ನು ನುಂಗಿಕೊಂಡು ನೆಲದ ಮೇಲೆ ಕೂತಳು. ಬಣ್ಣ ಹೋದ ಜಾಗ ಅಂಗೈಯಗಲ ಇತ್ತು, ನುಣ್ಣಗಿತ್ತು. ಉಗುರಿನಿಂದ ಕೆರೆದದ್ದಲ್ಲ, ಕೈಯಿಂದ ಸವರಿ ಸವರಿ ಹೋದದ್ದು ಅನ್ನಿಸಿತು. ಬಗ್ಗಿ ನೋಡಿದರೆ ಬಾಗಿಲ ಕೆಳಗಿನ ಸಂದಿಯಲ್ಲಿ ಹಾಲ್‌ನ ನೆಲ ಒಂದು ಪಟ್ಟಿಯಷ್ಟು ಕಾಣುತ್ತಿತ್ತು. ಯಾರಾದರೂ ಬಂದರೆ ಅವರ ಪಾದ ಕಾಣಬಹುದು. ಅವಳು ಸ್ವಲ್ಪ ಹೊತ್ತು ನೋಡಿದಳು. ಯಾರೂ ಬರಲಿಲ್ಲ.

ಕಾರ್ಪೆಂಟರ್ ಹಳೆಯ ಬಾಗಿಲನ್ನು ಕಳಚಿ, ಗಟ್ಟಿ ಮರ, ನಿಮಗೆ ಬೇಕಾಗುತ್ತದೆಯೇ ಎಂದು ಕೇಳಿದ. ತೆಗೆದುಕೊಂಡು ಹೋಗು ಎಂದ ಗಂಡ. ಹೊಸ ಬಾಗಿಲಿಗೆ ಒಳಗಡೆ ಒಂದು ಹೊಳೆಯುವ ಚಿಲಕ ಬಂತು. ಗಂಡ ಅದನ್ನು ನಾಲ್ಕಾರು ಸಲ ಹಾಕಿ ತೆಗೆದು ನೋಡಿ ತಲೆಯಾಡಿಸಿದ.

ಹದಿನೆಂಟನೆಯ ಪಾರ್ಟಿ ಬಂದದ್ದು ಆ ಶನಿವಾರ. ಎಳೆಯ ವಯಸ್ಸಿನ ಗಂಡ ಹೆಂಡತಿ. ಅವನು ಯಾವುದೋ ಲ್ಯಾಬಿನಲ್ಲಿ ಟೆಕ್ನೀಷಿಯನ್, ಅವಳು ನರ್ಸ್. ಜೊತೆಗೆ ಐದು ವರ್ಷದ ಮಗಳು. ಬ್ರೋಕರ್ ಎಂದಿನಂತೆ ಹಿಂದೆ ನಿಂತು ಮುಖಗಳನ್ನು ನೋಡುತ್ತಿದ್ದಳು. ಹಾಲ್ ಹಿಡಿಸಿತು, ಅಡುಗೆಮನೆ ಹಿಡಿಸಿತು. ಚಿಕ್ಕ ಕೋಣೆಗೆ ಬಂದರು. ಮಾತು ನಿಲ್ಲಲಿಲ್ಲ. ಇದು ಮಗಳಿಗಾಗುತ್ತದೆ, ಮಂಚ ಈ ಕಡೆ ಹಾಕಿದರೆ ಕಿಟಕಿಯ ಬೆಳಕಲ್ಲಿ ಓದಬಹುದು ಎಂದೆಲ್ಲ ನರ್ಸ್ ಗೋಡೆಯುದ್ದಕ್ಕೂ ಮೊಳ ಹಾಕಿದಳು. ಬ್ರೋಕರ್ ಟೀಚರ್‌ಳತ್ತ ನೋಡಿ ಕಣ್ಣಲ್ಲೇ ಆಯಿತು ಎಂದಳು.

ಸುಮ್ಮನೆ ಮಾತಿಗೆಂದು ನರ್ಸ್ ಕೇಳಿದಳು: "ಇಲ್ಲಿ ಮೊದಲು ಯಾರಿರ್ತಿದ್ರು?"

"ಯಾರೂ ಇರ್ಲಿಲ್ಲ. ಹಳೇ ಸಾಮಾನು ಹಾಕಿದ್ವಿ" ಎಂದ ಗಂಡ.

ಅವನು ಅದನ್ನು ಎಷ್ಟು ಸಲೀಸಾಗಿ ಹೇಳಿದನೆಂದರೆ, ಟೀಚರ್‌ಗೆ ಕ್ಷಣಕಾಲ ನಿಜಕ್ಕೂ ಅಲ್ಲಿ ಮುರಿದ ಕುರ್ಚಿಗಳೂ ಹಳೆಯ ಟ್ರಂಕೂ ಕಂಡವು. ನಿಂತ ಕಡೆಯೇ ಅವಳು ಬಾಯಿಬಿಟ್ಟಳು.

"ನಮ್ಮ ಅತ್ತಿಗೆ ಇದ್ರು. ಇವರ ಅಕ್ಕ. ತಲೆ ಸರಿ ಇರ್ಲಿಲ್ಲ. ನಾವು ಕೆಲಸಕ್ಕೆ ಹೋಗೋವಾಗ ಹೊರಗಿಂದ ಚಿಲಕ ಹಾಕ್ತಿದ್ವಿ, ಆರು ವರ್ಷ. ಒಂದಿನ ಬಂದು ನೋಡಿದ್ರೆ ಹೋಗ್ಬಿಟ್ಟಿದ್ರು." ಗಂಡ ತಡೆಯಲು ಕೈ ಎತ್ತಿದ. ಅವಳು ಅವನನ್ನೇ ನೋಡುತ್ತ ಮುಗಿಸಿದಳು. "ಮಂಚದ ಮೇಲಲ್ಲ. ಇಲ್ಲಿ, ಈ ಬಾಗಿಲಿಗೆ ಒರಗಿ ಕೂತಿದ್ರು. ಮಂಚಕ್ಕೆ ಹಾಕಿದ್ದು ನಾನು."

ಎತ್ತಿದ ಕೈ ಅಲ್ಲೇ ನಿಂತಿತು. ಬ್ರೋಕರ್ ತನ್ನ ಚೀಲದೊಳಗೆ ಏನನ್ನೋ ಹುಡುಕತೊಡಗಿದಳು. ನರ್ಸ್ ಮಗಳ ಭುಜ ಹಿಡಿದು ಹತ್ತಿರಕ್ಕೆಳೆದುಕೊಂಡು, ಟೀಚರ್‌ಳ ಮುಖವನ್ನೊಮ್ಮೆ, ಬಾಗಿಲ ಬುಡದ ನೆಲವನ್ನೊಮ್ಮೆ ನೋಡಿದಳು. ಇದೂ ಹೋಯಿತು ಎಂದುಕೊಂಡಳು ಟೀಚರ್. ಹಾಗೆಂದುಕೊಂಡಾಗ ಎದೆ ಒಂದಿಷ್ಟು ಹಗುರಾಯಿತು.

ಗಂಡ ಎತ್ತಿದ ಕೈಯನ್ನು ಮೆಟ್ಟಿಲಿನತ್ತ ತಿರುಗಿಸಿದ. "ಬನ್ನಿ, ಮೇಲೆ ನೀರಿನ ಟ್ಯಾಂಕು ತೋರಿಸ್ತೀನಿ" ಎಂದ.

ಅವರು ಹೋದರು. ಟ್ಯಾಂಕು ನೋಡಿದರು. ಕೆಳಗಿಳಿದು ಬಂದು ಗೇಟಿನ ಬಳಿ ಆ ಗಂಡ ಹೆಂಡತಿ ಪಿಸುಗುಟ್ಟಿಕೊಂಡರು. ನರ್ಸ್ ಒಮ್ಮೆ ಬೇಡವೆಂದು ತಲೆಯಾಡಿಸಿದಂತೆ ಕಂಡಿತು, ಟೆಕ್ನೀಷಿಯನ್ ಅವಳ ಮೊಣಕೈ ಮುಟ್ಟಿ ಏನೋ ವಿವರಿಸಿದ. ಆಮೇಲೆ ಅವನು ಒಳಗೆ ಬಂದು, ನೇರವಾಗಿ ಯಾರ ಮುಖವನ್ನೂ ನೋಡದೆ, ಮನೆ ಹಿಡಿಸಿದೆ, ಆದರೆ ಇಂಥದ್ದೆಲ್ಲ ಆದ ಮನೆಗೆ ಆ ರೇಟು ಹೆಚ್ಚಾಯಿತು ಎಂದ. ಅವನು ಹೇಳಿದ ಬೆಲೆ ಕೇಳಿ ಬ್ರೋಕರ್ ಕೂಡ ಬೆಚ್ಚಿಬಿದ್ದಳು. ಸೊಪ್ಪಿನವಳ ಹತ್ತಿರವೂ ಹಗ್ಗಜಗ್ಗಾಟ ಮಾಡುವ ಟೀಚರ್‌ಳ ಗಂಡ ಒಂದೇ ಮಾತಿಗೆ ಒಪ್ಪಿದ.

ಅವತ್ತು ಸಂಜೆ ಟೀಚರ್ ತರಕಾರಿ ಹೆಚ್ಚುತ್ತಿದ್ದಾಗ ಅವನು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ಅವರ ಮುಂದೆ ಹೇಳೋ ಅಗತ್ಯ ಏನಿತ್ತು?"

"ನಿಮ್ಮೊಬ್ಬರ ಮುಂದೆ ಹೇಳೋ ಧೈರ್ಯ ನಂಗಿರ್ಲಿಲ್ಲ."

"ಎಷ್ಟು ಕಮ್ಮಿಗೆ ಹೋಯ್ತು ಗೊತ್ತಾ?"

"ಗೊತ್ತು. ನಾನು ಲೆಕ್ಕದ ಟೀಚರ್."

ಅವನು ಹೋಗಲಿಲ್ಲ. ಬಾಗಿಲ ಚೌಕಟ್ಟಿನ ಮೇಲೆ ಬೆರಳಾಡಿಸುತ್ತ ನಿಂತ. ಆಮೇಲೆ, ಅವತ್ತು ಅಕ್ಕನ ಮುಖ ಯಾವ ಕಡೆಗಿತ್ತು ಎಂದು ಕೇಳಿದ. ಬಾಗಿಲ ಕಡೆಗೆ ಎಂದಳು ಟೀಚರ್. ಅವನು ಸರಿ ಎಂದ. ಒಂದು ಲೋಟ ನೀರು ಕುಡಿದು ಹೊರಗೆ ಹೋಗಿ ಕೂತ. ಅಲ್ಲಿಂದ ಮುಂದೆ ಆ ಮಾತನ್ನು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ದಾಖಲೆ, ಸಹಿ, ಸಾಮಾನು ಕಟ್ಟುವುದು ಎಲ್ಲ ಹೂಂ ಉಹೂಂಗಳಲ್ಲೇ ನಡೆಯಿತು.

ಮನೆ ಬಿಡುವ ದಿನ ಲಾರಿ ಮುಂದೆ ಹೋಯಿತು. ಬೀಗದ ಕೈ ಬ್ರೋಕರ್‌ಗೆ ಕೊಟ್ಟು ಇಬ್ಬರೂ ಬಾಡಿಗೆ ಕಾರಿನ ಬಳಿಗೆ ಬಂದರು. ಗಂಡ ಹೂವಿನ ಕುಂಡವೊಂದನ್ನು ತೊಡೆಯ ಮೇಲಿಟ್ಟುಕೊಂಡು ಡ್ರೈವರ್ ಪಕ್ಕದಲ್ಲಿ ಕೂತ. ಟೀಚರ್ ಹಿಂದೆ ಹತ್ತಿ, ಬಾಗಿಲು ತೆರೆದೇ ಬಿಟ್ಟು, ಆಚೆ ಬದಿಯ ಕಿಟಕಿಯವರೆಗೆ ಸರಿದು ಕೂತಳು.

"ಇನ್ನೂ ಯಾರಾದ್ರೂ ಬರೋರಿದ್ದಾರಾ?" ಎಂದು ಕನ್ನಡಿಯಲ್ಲಿ ನೋಡಿ ಡ್ರೈವರ್ ಕೇಳಿದ.

ಗಂಡ ಹಿಂದಕ್ಕೆ ತಿರುಗಿದ. ಅವಳ ಪಕ್ಕದ ಖಾಲಿ ಸೀಟನ್ನು ನೋಡಿದ. ಕುಂಡವನ್ನು ಡ್ರೈವರ್‌ನ ಕೈಗೆ ಕೊಟ್ಟು ಕೆಳಗಿಳಿದು, ಹಿಂದಿನ ಬಾಗಿಲನ್ನು ಮೆಲ್ಲಗೆ ಮುಚ್ಚಿ, ಮತ್ತೆ ಮುಂದೆ ಹೋಗಿ ಕೂತ.