ಹುರುಳಿಕಾಳಿನಷ್ಟು ಎಲುಬು

ಹಲ್ಲಿನ ಡಾಕ್ಟರ ದೀಪದ ಅಂಚಿನಲ್ಲಿ ಒಂದು ಇರುವೆ, ಬಿಸಿಗೆ ಹೆದರಿ ಸುತ್ತುತ್ತಲೇ ಇದೆ, ಬಿದ್ದರೆ ನೇರ ಯಮುನಳ ತೆರೆದ ಬಾಯಿಗೇ, ಬಿದ್ದರೂ ತಿಳಿಯಲಾರದು, ಸೂಜಿ ಚುಚ್ಚಿ ಕಾಲು ಗಂಟೆಯಾಯಿತು, ಮೇಲ್ದುಟಿ ಯಾರದೋ ಆಗಿಹೋಗಿದೆ, ಲವಂಗದೆಣ್ಣೆಯ ವಾಸನೆ, ಕಿಟಕಿಯಾಚೆ ಬಸ್ಸಿನ ಹಾರ್ನು, ಊರಿಗೆ ಹೋಗುವ ಸಂಪಾಜೆಯದೇ ಇರಬೇಕು — ಈಗಲೂ ಎದ್ದು ಹೋಗಬಹುದು, ಯಾರೂ ಕಟ್ಟಿಹಾಕಿಲ್ಲ. ಹೊರಗೆ ಬೆಂಚಿನ ಮೇಲೆ ಗಂಡ ಪದ್ಮಯ್ಯ, ಮಡಿಕೇರಿ ತಲಪುವವರೆಗೂ ಒಂದೇ ಮಾತು, ಎಂತಕೆ ಇದೆಲ್ಲ, ಹಲ್ಲ್ ಇಲ್ಲದೆ ಜನ ಬದ್ಕುದ್ಲೆನಾ. ಬದುಕುತ್ತಾರೆ, ಆದರೆ ಅವರು ಐದನೇ ತರಗತಿಗೆ ಹೊಸ ಮೈಸೂರು ರಾಜ್ಯದ ನಕ್ಷೆ ತೋರಿಸಿ ಭಾಗಮಂಡಲ ಎನ್ನಬೇಕಾಗಿಲ್ಲ — ಭಾ ಎನ್ನುವಷ್ಟರಲ್ಲಿ ಮೇಲಿನ ಕಟ್ಟುಹಲ್ಲು ಸಡಿಲಿ ಹಾಜರಿ ಪುಸ್ತಕದ ಮೇಲೆ ಬಿತ್ತು, ಮಕ್ಕಳು ನಕ್ಕಿದ್ದರೆ ವಾಸಿಯಿತ್ತು, ಒಬ್ಬರೂ ನಗಲಿಲ್ಲ, ಎಲ್ಲರೂ ತಲೆ ತಗ್ಗಿಸಿ ಸ್ಲೇಟು ನೋಡಿದರು, ಮರುದಿನ ಹೆಡ್‌ಮಾಸ್ತರರು ಮೆಲ್ಲಗೆ, ಸ್ವಲ್ಪ ದಿನ ರಜೆ ಹಾಕಿ ಟೀಚರೇ. ಮೂವತ್ತೆಂಟನೇ ವಯಸ್ಸಿಗೇ.

ಡಾಕ್ಟರ್ ಕುಟ್ಟಪ್ಪ ಬೊಂಬಾಯಿಯಲ್ಲಿ ಕಲಿತು ಬಂದವರು, ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದ್ದರು, ಕಟ್ಟುಹಲ್ಲು ನಿಲ್ಲಲು ದವಡೆಯಲ್ಲಿ ಹಿಡಿತವೇ ಇಲ್ಲ, ಎಲುಬಿಗೆ ಲೋಹದ ಸ್ಕ್ರೂ ಕೂರಿಸಿ ಅದರ ಮೇಲೆ ಹಲ್ಲು ಕಟ್ಟೋಣ, ಎಲುಬು ಮಾತ್ರ ಇಷ್ಟೇ, ಹುರುಳಿಕಾಳಿನಷ್ಟು, ಮೇಲೆ ಕಪ್ಪಗೆ ಕಾಣ್ತದಲ್ಲ, ಅದು ಟೊಳ್ಳು, ಮೂಗಿಗೆ ದಾರಿ. ಇಷ್ಟು ವರ್ಷ ತನ್ನ ಕೆನ್ನೆಯೊಳಗೆ ಅಷ್ಟು ದೊಡ್ಡ ಕತ್ತಲೆ ಇತ್ತೇ. ಎಷ್ಟು ಜನಕ್ಕೆ ಮಾಡಿದ್ದೀರಿ ಡಾಕ್ಟ್ರೇ. ಮೂವರಿಗೆ, ಎಲ್ಲ ಕೆಳದವಡೆ. ಮೇಲಿನದಕ್ಕೆ? ನೀವೇ ಮೊದಲು. ಸುಳ್ಳು ಹೇಳಲಿಲ್ಲವೆಂದೇ ಒಪ್ಪಿದ್ದಳು, ಈಗ ಅನಿಸುತ್ತಿದೆ ಸುಳ್ಳಾದರೂ ಹೇಳಬಾರದಿತ್ತೇ — ಯಂತ್ರ ಶುರುವಾಯಿತು, ನೋವಿಲ್ಲ, ಸದ್ದು ಕಿವಿಯಿಂದಲ್ಲ, ತಲೆಬುರುಡೆಯೊಳಗಿಂದಲೇ ಬರುತ್ತಿದೆ, ಕುಟ್ಟಪ್ಪನವರ ಹಣೆಯ ಬೆವರು ಹುಬ್ಬಿಗಿಳಿದಿದೆ, ಕೊರೆದು ನಿಲ್ಲಿಸಿ, ಕೊರೆದು ನಿಲ್ಲಿಸಿ, ಹುರುಳಿಕಾಳು ಎಷ್ಟು ಉಳಿಯಿತು, ಅರ್ಧವೋ, ಸಿಪ್ಪೆಯೋ, ಬೆರಳುಗಳು ಕುರ್ಚಿಯ ಕೈ ಕಚ್ಚಿಕೊಂಡಿವೆ, ದೇವರೇ ಸಾಕು ಎನ್ನಬೇಕು, ನಾಲಗೆ ಎಲ್ಲಿದೆಯೋ ಸಿಗುತ್ತಿಲ್ಲ — ತಟ್ಟನೆ ಏನೋ ಹಗುರಾಯಿತು, ಕತ್ತಲಲ್ಲಿ ಇಲ್ಲದ ಮೆಟ್ಟಿಲ ಮೇಲೆ ಕಾಲಿಟ್ಟಂತೆ.

ಯಂತ್ರ ನಿಂತಿತು. ಕುಟ್ಟಪ್ಪ ಅದನ್ನು ಬಾಯಿಂದ ಹೊರತೆಗೆದರು. ಆಮೇಲೆ ಬಹಳ ಮೃದುವಾಗಿ, ಮೂಗು ಹಿಡ್ಕೊಳ್ಳಿ ಟೀಚರೇ, ಮೂಗೊಳಗೇ ಮೆತ್ತಗೆ ಗಾಳಿ ಊದಿ. ಪುಟ್ಟ ಕನ್ನಡಿ ಬಾಯೊಳಗೆ ಬಂತು, ಅದರ ಬಿಂಬ ಅವರ ಕನ್ನಡಕದಲ್ಲಿ ಯಮುನಳಿಗೂ ಕಾಣುತ್ತಿದೆ, ಕಾಣಬಾರದಿತ್ತು, ಊದಿದಳು — ಒಸಡಿನ ತೂತಿನಿಂದ ಒಂದು ಕೆಂಪು ಗುಳ್ಳೆ ಎದ್ದಿತು. ಟೊಳ್ಳಿಗೇ ತೂತಾಯ್ತು, ಸ್ಕ್ರೂ ಬೇಡ, ಹೊಲಿದುಬಿಡ್ತೇನೆ, ಎರಡು ವಾರ ಮೂಗು ಸೀಟಬೇಡಿ, ತಪ್ಪು ನನ್ನದು, ಅವರೇನೋ ಹೇಳುತ್ತಿದ್ದಾರೆ, ಶಾಲೆ, ರಜೆ, ಬಾಗಿಲ ಬಳಿ ಪದ್ಮಯ್ಯನ ಕೆಮ್ಮು, ಎಲ್ಲ ದೂರ, ಉಸಿರು ತಡೆದರೂ ಅದು ಅಲ್ಲೇ, ಕನ್ನಡಕದ ಎರಡು ಗಾಜಿನಲ್ಲೂ, ಒಡೆಯದೆ, ಕೆಂಪು ಗುಳ್ಳೆ, ತುಸು ದೊಡ್ಡದಾಗಿ, ತುಸು ಚಿಕ್ಕದಾಗಿ, ಕೆಂಪು ಗುಳ್ಳೆ