ಎಳೆದರೆ ಬಿಗಿಯುವ ಗಂಟು

ಹಡಗಿನಿಂದಿಳಿದ ಗಂಡಸು ಮತ್ತೆ ಹಡಗು ಹತ್ತಲಿಲ್ಲವೆಂದರೆ ದಡದಲ್ಲಿ ಯಾರೋ ಅವನನ್ನು ಕಟ್ಟಿಹಾಕಿದ್ದಾರೆ ಎಂದೇ ಅರ್ಥ. ಅಜ್ಜಿಯ ಕತೆ ಶುರುವಾಗುತ್ತಿದ್ದದ್ದೇ ಹೀಗೆ. ಕಟ್ಟಿಹಾಕಿದವಳು ಅವಳೇ. ಬಂದರಿನ ಬೀದಿಯಲ್ಲಿ ಕಂಡವರ ಬಟ್ಟೆ ಒಗೆಯುತ್ತಿದ್ದವಳು ಪರದೇಶದ ನಾವಿಕನನ್ನು ಮದುವೆಯಾಗಿ, ಅವನ ಜೊತೆ ನಾಲ್ಕು ಕೋಣೆಯ ಹೋಟೆಲು ತೆರೆದು, ಅದು ನಾಲ್ಕು ಮಹಡಿಯಾಗುವವರೆಗೂ ಚಾದರ ಒಗೆದಳು.

ಅಜ್ಜ ಕಣ್ಮುಚ್ಚಿದ್ದೇ ತಡ, ದೊಡ್ಡಪ್ಪ ಗಲ್ಲಾಪೆಟ್ಟಿಗೆಯ ಮುಂದೆ ಕೂತ. ಅವನು ಅಜ್ಜ ತನ್ನ ದೇಶದಲ್ಲೇ ಬಿಟ್ಟುಬಂದಿದ್ದ ಮೊದಲ ಹೆಂಡತಿಯ ಮಗ; ಬೆಳೆದ ಮೇಲೆ ಅಪ್ಪನನ್ನು ಹುಡುಕಿಕೊಂಡು ಬಂದು ಇಲ್ಲೇ ನೆಲೆಸಿದವನು. ಅಜ್ಜಿಯನ್ನು ಬಟ್ಟೆ ಒಗೆಯುವ ಕೋಣೆಯ ಹಿಂದಿನ ಗೂಡಿಗೆ ತಳ್ಳಿದ. ಗಿರಾಕಿಗಳು ಕೇಳಿದರೆ, "ಹಳೇ ಕೆಲಸದವಳು, ಪಾಪ, ಇಟ್ಕೊಂಡಿದೀವಿ" ಅನ್ನುತ್ತಿದ್ದ. ಅಜ್ಜಿ ಆ ಗೂಡಲ್ಲೇ ಸತ್ತಳು. ಆ ಮಾತು ಮಾತ್ರ ಮೊಮ್ಮಗಳ ಗಂಟಲಲ್ಲಿ ಮುಳ್ಳಾಗಿ ಉಳಿಯಿತು.

ಈಗ ಹಳೇ ದಾಖಲೆಗಳನ್ನು ಕಾಪಿಡುವ ಪತ್ರಾಗಾರದವರು ಅಜ್ಜನ ಮನೆತನದ ಕಾಗದಪತ್ರ ಕೇಳಿದ್ದರು. ಅಜ್ಜಿಯ ಮಂಚದಡಿಯ ಪೆಟ್ಟಿಗೆಯನ್ನು ದೊಡ್ಡಪ್ಪ ಹೊರಗೆಳೆಸಿದ. ಅದರ ಸುತ್ತ ಹಡಗಿನ ಹಗ್ಗ, ಮೇಲೊಂದು ಗಂಟು. ಪತ್ರಾಗಾರದ ಪದ್ಧತಿಯೊಂದಿತ್ತು: ಕಟ್ಟನ್ನು ಕತ್ತರಿಸುವಂತಿಲ್ಲ, ಕೊಡುವವರೇ ಎಲ್ಲರೆದುರು ಬಿಚ್ಚಬೇಕು, ಬಿಚ್ಚಿದವರು ಹೇಳಿದ ಹೆಸರಲ್ಲೇ ಸಂಗ್ರಹ.

"ದೊಡ್ಡಪ್ಪ, ಈ ಗಂಟು ಅಜ್ಜ ನಿಮಗೇ ಕಲಿಸಿದ್ದು ಅಂತ ಹೇಳಿ. ಕೇಳೋಕೆ ಚೆಂದ ಇರುತ್ತೆ," ಎಂದು ಮೊಮ್ಮಗಳೇ ಬೆಣ್ಣೆ ಹಚ್ಚಿದಳು.

ದೊಡ್ಡಪ್ಪ ಉಬ್ಬಿದ. ಪತ್ರಾಗಾರದ ಉದ್ದ ಮೇಜಿನ ಮುಂದೆ ನಿಂತು, "ಅಪ್ಪ ನನ್ನ ಕೈ ಹಿಡಿದು ಕಲಿಸಿದ ಗಂಟು. ನಾವಿಬ್ಬರೇ ಕೂತು ಕಟ್ಟಿದ್ದು," ಎಂದ. ಎಳೆದ. ಗಂಟು ಬಿಗಿಯಿತು. ಇನ್ನೂ ಎಳೆದ. ಉಗುರು ಮುರಿಯಿತು, ಅಂಗಿಯ ಬೆನ್ನು ಒದ್ದೆಯಾಯಿತು. ಫೋಟೋ ತೆಗೆಯಲು ಬಂದಿದ್ದವನು ಕ್ಯಾಮೆರಾ ಕೆಳಗಿಳಿಸಿದ.

"ನೀವೇ ಕಟ್ಟಿದ್ದಲ್ವಾ ಸರ್?" ಪತ್ರಾಗಾರದ ಮೇಡಂ ನಯವಾಗಿಯೇ ಕೇಳಿದರು.

"ಒಂದು ಚಾಕು ಕೊಡಿ."

"ಅದಾಗಲ್ಲ."

ಮೊಮ್ಮಗಳು ಗೋಡೆಗೊರಗಿ ನೋಡುತ್ತಿದ್ದಳು. ಅಜ್ಜಿಯ ಕತೆಗಳಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆ ಇರುತ್ತಿತ್ತು. ಇವನದು ಕೈಗೆಟುಕುವ ಹಗ್ಗದಲ್ಲಿದೆ. ಅವಸರವೇನು?

"ಮಗಳೇ," ದೊಡ್ಡಪ್ಪ ದನಿ ತಗ್ಗಿಸಿ ಕರೆದ. ಅವಳು ಹುಟ್ಟಿದ ಮೇಲೆ ಹಾಗೆ ಕರೆದದ್ದು ಅದೇ ಮೊದಲು. "ನಿಂಗೆ ಬರುತ್ತೇನಮ್ಮ?"

"ಬರುತ್ತೆ. ನೀವು ಕೇಳಲೇ ಇಲ್ಲವಲ್ಲ ದೊಡ್ಡಪ್ಪ."

ಮೇಜಿನ ಹತ್ತಿರ ಬಂದು ಮೇಡಂ ಕಡೆ ತಿರುಗಿದಳು. "ಒಗೆದ ಚಾದರ ಗಾಳಿಗೆ ಹಾರದ ಹಾಗೆ ಹಗ್ಗ ಕಟ್ಟೋಕೆ ಅಜ್ಜ ಅಜ್ಜಿಗೆ ಕಲಿಸಿದ್ದು ಇದು. ಅಜ್ಜಿ ನನಗೆ ಕಲಿಸಿದಳು. ಎಳೆದರೆ ಬಿಗಿಯುತ್ತೆ, ಒಳಕ್ಕೆ ದೂಡಿದರೆ ಬಿಡುತ್ತೆ. ಕಿತ್ತುಕೊಂಡೇ ಅಭ್ಯಾಸ ಆದವರಿಗೆ ಬಗ್ಗೋದಿಲ್ಲ."

ಹೆಬ್ಬೆರಳಿಂದ ದೂಡಿದಳು. ಹಗ್ಗ ಹಾವಿನ ಪೊರೆಯ ಹಾಗೆ ಜಾರಿತು.

"ಯಾರ ಸಂಗ್ರಹ ಅಂತ ಬರೀಲಿ?"

ಅಜ್ಜಿಯ ಹೆಸರನ್ನು ಬಿಡಿಬಿಡಿಯಾಗಿ ಹೇಳಿದಳು. "ಮುಂದೆ, ಹೋಟೆಲಿನ ಒಡತಿ ಅಂತ ಬರೀರಿ."

"ಮತ್ತೆ ಇವರು?"

ದೊಡ್ಡಪ್ಪ ಅವಳ ಮುಖವನ್ನೇ ನೋಡಿದ. ಅವಳು ಹಗ್ಗ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

"ಹಳೇ ಗಿರಾಕಿ. ಪಾಪ, ಇಟ್ಕೊಂಡಿದೀವಿ."